ಮನೆ, ಕೊಟ್ಟಿಗೆ, ಬಣವೆಗಳಿಗೆ ಬೆಂಕಿಯಿಂದ ರಕ್ಷಣೆ

ಜೇವರ್ಗಿ ಭಾಗದಲ್ಲಿ ತೊಗರಿಯ ರಾಶಿ ಮುಗಿದು, ಹಿಂಗಾರಿ ಜೋಳ ಕೊಯ್ಲಾಗಿ, ಹತ್ತಿಯ ಕೊನೆಯ ಬಿಡಿಸುವಿಕೆ ನಡೆಯುವ ವೇಳೆಗೆ ಬೇಸಿಗೆ ಕಾಲಿಡುತ್ತದೆ. ರೈತನ ವರ್ಷದ ದುಡಿಮೆಯೆಲ್ಲ ಒಣಗಿದ ರೂಪದಲ್ಲಿ ಮನೆಯ ಸುತ್ತಮುತ್ತ ಬಂದು ಸೇರುವುದು ಇದೇ ಕಾಲದಲ್ಲಿ. ಹಿತ್ತಲಲ್ಲಿ ಕಣಿಕೆಯ ಬಣವೆ, ಗೋಡೆಗೆ ಆನಿಸಿದ ತೊಗರಿ ಕಟ್ಟಿಗೆ ಮತ್ತು ಹತ್ತಿ ಕಟ್ಟಿಗೆ, ಪಡಸಾಲೆಯಲ್ಲಿ ಹತ್ತಿಯ ರಾಶಿ, ಮೂಲೆಯಲ್ಲಿ ಡೀಸೆಲ್ ಡಬ್ಬಿ, ಒಳಗೆ ಉರಿಯುವ ಒಲೆ. ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ ಈ ವಸ್ತುಗಳಲ್ಲಿ ಉಳಿದಿದ್ದ ಅಲ್ಪಸ್ವಲ್ಪ ತೇವವೂ ಆರಿ ಹೋಗಿರುತ್ತದೆ. ಅದೇ ಹೊತ್ತಿಗೆ ಭೀಮಾ ನದಿ, ಹಳ್ಳ, ಬಾವಿಗಳಲ್ಲಿ ನೀರು ಇಳಿದಿರುತ್ತದೆ. ಸುಡುವ ವಸ್ತು ಹೆಚ್ಚಿದ್ದು ನೀರು ಕಡಿಮೆ ಇರುವ ಈ ಮೂರು ನಾಲ್ಕು ತಿಂಗಳುಗಳೇ ಬೆಂಕಿಯ ಕಾಲ.

ಬೆಂಕಿಯಿಂದ ಆಗುವ ನಷ್ಟ ಎಷ್ಟೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಜೊತೆ ಎತ್ತಿಗೆ ದಿನಕ್ಕೆ ಸುಮಾರು 15 ಕಿಲೋ ಒಣ ಮೇವು ಬೇಕೆಂದು ಹಿಡಿದರೆ ಆರು ತಿಂಗಳಿಗೆ 27 ಕ್ವಿಂಟಲ್ ಬೇಕಾಗುತ್ತದೆ. ಒಂದು ಬಣವೆ ಸುಟ್ಟರೆ ಅಷ್ಟು ಮೇವನ್ನು ಬೇಸಿಗೆಯ ದರದಲ್ಲಿ ಕೊಳ್ಳಬೇಕು, ಇಲ್ಲವೇ ಎತ್ತುಗಳನ್ನು ಸಂತೆಗೆ ಹೊಡೆಯಬೇಕು. ಮುಂಗಾರು ಬಿತ್ತನೆಗೆ ಎತ್ತಿಲ್ಲದ ರೈತನ ಪಾಡು ಹೇಳಬೇಕಾಗಿಲ್ಲ. ಮನೆಯೇ ಹೊತ್ತಿದರೆ ಬೀಜ, ಕಾಳು, ಬಟ್ಟೆ, ಕಾಗದ ಪತ್ರ ಎಲ್ಲವೂ ಹೋಗುತ್ತವೆ. ಕೆಲವೊಮ್ಮೆ ಜೀವವೂ ಹೋಗುತ್ತದೆ. ಆದರೆ ಬೆಂಕಿ ಸಿಡಿಲಿನಂತೆ ಆಕಾಶದಿಂದ ಬೀಳುವುದು ಅಪರೂಪ. ಬಹುಪಾಲು ಬೆಂಕಿಗಳು ಮೊದಲೇ ಗುರುತಿಸಬಹುದಾದ ಕಾರಣಗಳಿಂದ ಹುಟ್ಟುತ್ತವೆ. ಆದ್ದರಿಂದ ಅವುಗಳನ್ನು ತಡೆಯುವುದೂ ಸಾಧ್ಯ.

ಬೆಂಕಿ ಹುಟ್ಟುವ ಬಗೆ

ಬೆಂಕಿ ಉರಿಯಲು ಮೂರು ಸಂಗತಿಗಳು ಒಂದೇ ಕಡೆ ಸೇರಬೇಕು: ಸುಡುವ ವಸ್ತು, ಅದನ್ನು ಹೊತ್ತಿಸುವಷ್ಟು ಶಾಖ ಮತ್ತು ಗಾಳಿಯಲ್ಲಿರುವ ಆಮ್ಲಜನಕ. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ತೆಗೆದರೆ ಗಡಿಗೆ ನಿಲ್ಲದು. ಹಾಗೆಯೇ ಈ ಮೂರರಲ್ಲಿ ಒಂದನ್ನು ತೆಗೆದರೆ ಬೆಂಕಿ ಆರುತ್ತದೆ. ನೀರು ಶಾಖವನ್ನು ತೆಗೆಯುತ್ತದೆ. ಮಣ್ಣು, ಹಸಿ ಗೋಣಿ, ಮುಚ್ಚಳ ಇವು ಗಾಳಿಯನ್ನು ತಡೆಯುತ್ತವೆ. ಬಣವೆಯ ಪಕ್ಕದ ಹುಲ್ಲನ್ನು ದೂರ ಎಳೆದು ಹಾಕಿದರೆ ಸುಡುವ ವಸ್ತುವೇ ಇಲ್ಲದಂತಾಗುತ್ತದೆ. ಬೆಂಕಿ ನಂದಿಸುವ ಎಲ್ಲ ಉಪಾಯಗಳೂ ಈ ಮೂರರೊಳಗೇ ಬರುತ್ತವೆ.

ಒಂದೇ ವಸ್ತು ಗಟ್ಟಿಯಾಗಿದ್ದಾಗ ಒಂದು ರೀತಿ, ಬಿಡಿಬಿಡಿಯಾಗಿದ್ದಾಗ ಇನ್ನೊಂದು ರೀತಿ ಉರಿಯುತ್ತದೆ. ದಪ್ಪನೆಯ ತೊಲೆಗೆ ಕಡ್ಡಿ ಗೀರಿ ಹಿಡಿದರೆ ಅದು ಹೊತ್ತುವುದಿಲ್ಲ; ಅದೇ ಮರದ ಸೌದೆ ಪುಡಿ ಅಥವಾ ಚಕ್ಕೆ ಕ್ಷಣದಲ್ಲಿ ಹೊತ್ತುತ್ತದೆ. ಕಣಿಕೆ, ಹೊಟ್ಟು, ಹತ್ತಿ ಇವುಗಳಲ್ಲಿ ಗಾಳಿ ಎಲ್ಲೆಡೆ ತುಂಬಿರುವುದರಿಂದ ಒಂದು ಕಿಡಿಯೇ ಸಾಕಾಗುತ್ತದೆ.

ಹುಟ್ಟಿದ ಬೆಂಕಿ ನಾಲ್ಕು ದಾರಿಗಳಲ್ಲಿ ಹರಡುತ್ತದೆ. ಒಂದು, ಉರಿ ನೇರವಾಗಿ ತಾಗುವುದರಿಂದ. ಎರಡು, ಬಿಸಿ ಗಾಳಿ ಮತ್ತು ಹೊಗೆ ಮೇಲೇರಿ ಮಾಳಿಗೆಯ ಕೆಳಗೆ ಕೂಡಿಕೊಳ್ಳುವುದರಿಂದ. ಮೂರು, ಉರಿಯ ಝಳದಿಂದ. ದೊಡ್ಡ ಬಣವೆ ಹೊತ್ತಿದಾಗ ಅದರ ಝಳಕ್ಕೇ ಹತ್ತಿರದ ಇನ್ನೊಂದು ಬಣವೆ ಹೊತ್ತಿಕೊಳ್ಳುತ್ತದೆ. ನಾಲ್ಕು, ಗಾಳಿಯಲ್ಲಿ ಹಾರುವ ಕೆಂಡದಿಂದ. ಹಳ್ಳಿಗಳಲ್ಲಿ ಒಂದು ಮನೆಯ ಬೆಂಕಿ ಓಣಿಯ ಬೆಂಕಿಯಾಗುವುದು ಹೆಚ್ಚಾಗಿ ಕೊನೆಯ ಎರಡು ದಾರಿಗಳಿಂದ.

ಕಟ್ಟಡ ಮತ್ತು ಬೆಂಕಿ

ಕಲಬುರಗಿ ಜಿಲ್ಲೆಯ ಹಳೆಯ ಮನೆಗಳಲ್ಲಿ ದಪ್ಪನೆಯ ಕಲ್ಲು ಮಣ್ಣಿನ ಗೋಡೆ, ಮರದ ಕಂಬ ಮತ್ತು ತೊಲೆ, ಅದರ ಮೇಲೆ ಜಂತಿ, ಹಲಗೆ ಹಾಗೂ ಮಣ್ಣಿನ ಮಾಳಿಗೆ ಇರುತ್ತವೆ. ಶಹಾಬಾದಿ ಫರಸಿ ಹೊದಿಸಿದ ಮನೆಗಳೂ ಬಹಳ. ಇತ್ತೀಚೆಗೆ ಕಾಂಕ್ರೀಟ್ ಮತ್ತು ತಗಡಿನ ಮನೆಗಳು ಹೆಚ್ಚಿವೆ. ಪ್ರತಿಯೊಂದೂ ಬೆಂಕಿಯಲ್ಲಿ ಬೇರೆ ಬೇರೆ ರೀತಿ ವರ್ತಿಸುತ್ತದೆ.

ಮಣ್ಣಿನ ಗೋಡೆ ಸುಡುವುದಿಲ್ಲ, ಶಾಖವನ್ನೂ ಬೇಗ ಆಚೆ ದಾಟಿಸುವುದಿಲ್ಲ. ಎರಡು ಮನೆಗಳ ನಡುವಿನ ದಪ್ಪ ಗೋಡೆಯನ್ನು ಮಾಳಿಗೆಗಿಂತ ಎರಡಡಿ ಎತ್ತರಕ್ಕೆ ಒಯ್ದರೆ ಅದು ಒಳ್ಳೆಯ ಬೆಂಕಿ ತಡೆಯಾಗುತ್ತದೆ. ಮರದ ದಪ್ಪ ತೊಲೆ ಜನ ತಿಳಿದಷ್ಟು ಬೇಗ ಕುಸಿಯುವುದಿಲ್ಲ. ಅದರ ಹೊರಮೈ ಮಾತ್ರ ಇದ್ದಿಲಾಗುತ್ತ ಹೋಗಿ, ಆ ಇದ್ದಿಲೇ ಒಳಭಾಗಕ್ಕೆ ರಕ್ಷಣೆಯಾಗುತ್ತದೆ; ಉರಿ ಒಳಗೆ ಇಳಿಯುವುದು ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ. ಕಬ್ಬಿಣದ ಪಟ್ಟಿ ಸುಡುವುದಿಲ್ಲವಾದರೂ ಸುಮಾರು 550 ಡಿಗ್ರಿ ಶಾಖದಲ್ಲಿ ಅದರ ಬಲ ಅರ್ಧದಷ್ಟು ಇಳಿದು ಬಾಗುತ್ತದೆ. ತಗಡಿನ ಕೊಟ್ಟಿಗೆ ಸುಡದು ಎಂಬ ಧೈರ್ಯದಿಂದ ಅದರೊಳಗೆ ಮೇವು ತುಂಬುವವರು ಇದನ್ನು ಗಮನಿಸಬೇಕು.

ಫರಸಿ ಕಲ್ಲಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಶಹಾಬಾದಿ ಕಲ್ಲು ಸುಣ್ಣದ ಕಲ್ಲಿನ ಜಾತಿಗೆ ಸೇರಿದ್ದು. ಒಂದು ಬದಿ ಮಾತ್ರ ವಿಪರೀತ ಕಾದಾಗ ಅದು ಬಿರಿಯುತ್ತದೆ. ಕಾದ ಚಪ್ಪಡಿಯ ಮೇಲೆ ತಣ್ಣೀರು ಬಿದ್ದರೆ ಬಿರುಕು ಇನ್ನೂ ಬೇಗ ಬಿಡುತ್ತದೆ. ಬೆಂಕಿ ಆರಿದ ಮೇಲೆಯೂ ಅಂಥ ಮಾಳಿಗೆಯ ಕೆಳಗೆ ಸಾಮಾನು ಹುಡುಕಲು ಹೋಗಬಾರದು. ಸಿಮೆಂಟ್ ತಗಡುಗಳು ಬೆಂಕಿಯಲ್ಲಿ ಶಬ್ದ ಮಾಡಿ ಸಿಡಿದು ಚೂರುಗಳು ದೂರ ಬೀಳುತ್ತವೆ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಕಣಿಕೆ, ಗರಿ ಅಥವಾ ಹುಲ್ಲು ಹೊದಿಸಿದ ಚಪ್ಪರ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟದ ಅಡಿಗೆ ಮನೆಯಿಂದ ಎದ್ದ ಬೆಂಕಿ ಗರಿಯ ಮಾಡಿಗೆ ತಗುಲಿ 94 ಮಕ್ಕಳು ಸತ್ತರು. ಮಕ್ಕಳು ಮೇಲಿನ ಅಂತಸ್ತಿನಲ್ಲಿದ್ದರು, ಇಳಿಯುವ ದಾರಿ ಕಿರಿದಾಗಿತ್ತು. ಅಡಿಗೆಯ ಒಲೆಯೂ ಹುಲ್ಲಿನ ಮಾಡೂ ಹತ್ತಿರವಿರಬಾರದು ಮತ್ತು ಜನ ಸೇರುವ ಕಟ್ಟಡಕ್ಕೆ ಒಂದೇ ಕಿರಿದಾದ ದಾರಿ ಇರಬಾರದು ಎಂಬ ಎರಡು ಪಾಠಗಳನ್ನು ಈ ದುರಂತ ಕಲಿಸಿತು. 2009ರಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಶಾಲೆಗಳಲ್ಲಿ ಬೆಂಕಿಯಿಂದ ರಕ್ಷಣೆಯ ಕ್ರಮಗಳಿರಬೇಕೆಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿಯೂ ಇಂಥ ನೋವು ಇದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮದುವೆ, ಜಾತ್ರೆ, ನಾಟಕಗಳಿಗೆ ಬಟ್ಟೆಯ ಮಂಟಪ ಹಾಕುವ ಊರುಗಳು ಇದನ್ನು ನೆನಪಿನಲ್ಲಿಡಬೇಕು. ಮಂಟಪಕ್ಕೆ ಎದುರು ಬದುರಾಗಿ ಕನಿಷ್ಠ ಎರಡು ಅಗಲವಾದ ಬಾಗಿಲುಗಳಿರಬೇಕು ಮತ್ತು ಅಡಿಗೆಯ ಒಲೆ ಮಂಟಪದಿಂದ ದೂರವಿರಬೇಕು.

ಮನೆ ಕಟ್ಟುವಾಗ ಗಮನಿಸಬೇಕಾದ ಅಂಶಗಳು ಇವು:

1. ಮನೆಗೆ ಎರಡು ಬಾಗಿಲು ಇರಲಿ. ಹಿತ್ತಲ ಬಾಗಿಲಿಗೆ ಅಡ್ಡವಾಗಿ ಚೀಲ ಒಟ್ಟಬಾರದು.
2. ಕಿಟಕಿಗಳಿಗೆ ಕಬ್ಬಿಣದ ಸರಳು ಹಾಕುವಾಗ ಒಂದು ಕಿಟಕಿಯ ಸರಳಾದರೂ ಒಳಗಿನಿಂದ ತೆಗೆಯಲು ಬರುವಂತಿರಲಿ.
3. ಒಂದೇ ಸೂರಿನಡಿ ದನ ಕಟ್ಟುವ ಪದ್ಧತಿ ಇರುವಲ್ಲಿ, ದನದ ಅಂಕಣಕ್ಕೂ ಅಡಿಗೆ ಮನೆಗೂ ನಡುವೆ ಪೂರ್ತಿ ಎತ್ತರದ ಗೋಡೆ ಇರಲಿ. ದನಗಳಿಗೆ ಬೇರೆ ಬಾಗಿಲು ಇದ್ದರೆ ಉತ್ತಮ.
4. ಬೆಳಕಿಂಡಿಯನ್ನು ಮುಚ್ಚಬಾರದು. ಹೊಗೆ ಹೊರಗೆ ಹೋಗುವ ದಾರಿ ಅದು.

ಪಟ್ಟಣದ ಬಹುಮಹಡಿ ಕಟ್ಟಡ, ಗೋದಾಮು, ಶಾಲೆ, ಆಸ್ಪತ್ರೆ ಮುಂತಾದವುಗಳಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ವಿವರವಾದ ನಿಯಮಗಳಿವೆ. 1970ರಲ್ಲಿ ಮೊದಲು ಬಂದ ಈ ಸಂಹಿತೆಯನ್ನು 1983, 2005 ಮತ್ತು 2016ರಲ್ಲಿ ಪರಿಷ್ಕರಿಸಲಾಗಿದೆ. ಇದರ ನಾಲ್ಕನೆಯ ಭಾಗ ಪೂರ್ತಿಯಾಗಿ ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲು.

ಬಣವೆಯ ರಕ್ಷಣೆ

ಬಣವೆ ಒಟ್ಟುವ ಜಾಗವನ್ನು ಅನುಕೂಲ ನೋಡಿ ಆರಿಸುವುದಕ್ಕಿಂತ ಅಪಾಯ ನೋಡಿ ಆರಿಸುವುದು ಲೇಸು. ಮನೆ ಮತ್ತು ಕೊಟ್ಟಿಗೆಯಿಂದ ಕನಿಷ್ಠ 20 ಮೀಟರ್ ಅಂದರೆ ಸುಮಾರು 65 ಅಡಿ ದೂರವಿರಬೇಕು. ಇಷ್ಟು ಜಾಗವಿಲ್ಲದವರು ವಾರಕ್ಕೆ ಬೇಕಾಗುವಷ್ಟು ಮೇವನ್ನು ಮಾತ್ರ ಕೊಟ್ಟಿಗೆಯ ಬಳಿ ಇಟ್ಟುಕೊಂಡು ಉಳಿದುದನ್ನು ಹೊಲದಲ್ಲಿಯೇ ಒಟ್ಟುವುದು ಒಳ್ಳೆಯದು. ವಿದ್ಯುತ್ ತಂತಿಯ ಕೆಳಗಾಗಲಿ, ಟ್ರಾನ್ಸ್‌ಫಾರ್ಮರ್ ಬಳಿಯಾಗಲಿ ಬಣವೆ ಹಾಕಲೇಬಾರದು. ಗಾಳಿಗೆ ಸಡಿಲವಾದ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಉದುರುತ್ತದೆ. ರಸ್ತೆಯ ಅಂಚಿನ ಬಣವೆಗೆ ದಾರಿಹೋಕರ ಬೀಡಿಯ ತುಂಡು ಸಾಕು.

ಎಲ್ಲ ಮೇವನ್ನೂ ಒಂದೇ ದೊಡ್ಡ ಬಣವೆಯಾಗಿ ಒಟ್ಟುವ ಬದಲು ಎರಡು ಮೂರು ಸಣ್ಣ ಬಣವೆಗಳನ್ನು ಹಾಕಿ ನಡುವೆ ಅಂತರ ಬಿಡಬೇಕು. ಒಂದು ಹೋದರೆ ಇನ್ನೊಂದು ಉಳಿಯುತ್ತದೆ. ಬಣವೆಯ ಸುತ್ತ 3ರಿಂದ 4 ಮೀಟರ್ ಅಗಲ ನೇಗಿಲು ಹೊಡೆದು ಅಥವಾ ಕುಂಟೆ ಹಾಯಿಸಿ ಹುಲ್ಲು ಕಡ್ಡಿ ಇಲ್ಲದಂತೆ ಮಾಡಬೇಕು. ಒಣಹುಲ್ಲಿನ ಮೇಲೆ ನೆಲದಲ್ಲಿ ಹರಿದು ಬರುವ ಬೆಂಕಿಗೆ ಈ ಬರಿ ನೆಲವೇ ಗೋಡೆ. ಬದುವಿನ ಹುಲ್ಲು, ಹತ್ತಿ ಕಟ್ಟಿಗೆ, ಕಬ್ಬಿನ ರವದಿಗಳನ್ನು ಹೊಲದಲ್ಲಿ ಸುಡುವ ರೂಢಿಯನ್ನು ಬಿಡುವುದು ಎಲ್ಲ ರೀತಿಯಿಂದಲೂ ಹಿತ. ಇವುಗಳನ್ನು ಕತ್ತರಿಸಿ ಮಣ್ಣಿಗೆ ಸೇರಿಸಿದರೆ ಗೊಬ್ಬರವಾಗುತ್ತದೆ. ಸುಟ್ಟರೆ ನೆರೆಯವರ ಬಣವೆಗೂ ಅಪಾಯ.

ಹೊರಗಿನ ಕಿಡಿ ಇಲ್ಲದೆಯೂ ಮೇವು ತಾನಾಗಿ ಹೊತ್ತುವುದುಂಟು. ಪೂರ್ತಿ ಒಣಗದ ಶೇಂಗಾ ಹೊಟ್ಟು, ಹಸಿ ಹುಲ್ಲು ಅಥವಾ ಮಳೆಗೆ ನೆಂದ ಮೇವನ್ನು ದೊಡ್ಡದಾಗಿ ಒತ್ತಿ ಒಟ್ಟಿದಾಗ ಒಳಗೆ ಸೂಕ್ಷ್ಮ ಜೀವಿಗಳು ಬೆಳೆದು ಶಾಖ ಹುಟ್ಟಿಸುತ್ತವೆ. ಒಳಗಿನ ಶಾಖಕ್ಕೆ ಹೊರ ಹೋಗಲು ದಾರಿಯಿಲ್ಲದೆ ಅದು ಏರುತ್ತ ಹೋಗುತ್ತದೆ. ತೇವ ಶೇಕಡಾ 20ಕ್ಕಿಂತ ಹೆಚ್ಚಿರುವ ಮೇವನ್ನು ಒಟ್ಟುವುದು ಸುರಕ್ಷಿತವಲ್ಲ. ಬಣವೆಯಿಂದ ಹುಳಿ ಅಥವಾ ಸುಟ್ಟ ಬೆಲ್ಲದಂಥ ವಾಸನೆ ಬಂದರೆ, ಬೆಳಗಿನ ಹೊತ್ತು ಆವಿ ಏಳುವುದು ಕಂಡರೆ ಒಂದು ಕಬ್ಬಿಣದ ಸರಳನ್ನು ನಡುವಿನವರೆಗೆ ಚುಚ್ಚಿ ಹದಿನೈದು ನಿಮಿಷ ಬಿಟ್ಟು ಹೊರಗೆಳೆದು ನೋಡಬೇಕು. ಸರಳು ಕೈಯಲ್ಲಿ ಹಿಡಿಯಲಾರದಷ್ಟು ಕಾದಿದ್ದರೆ ಅಪಾಯ ಹತ್ತಿರವಿದೆ ಎಂದು ತಿಳಿಯಬೇಕು. ಅಂಥ ಬಣವೆಯನ್ನು ನೀರು ಸಿದ್ಧವಿಟ್ಟುಕೊಂಡೇ ಬಿಚ್ಚಬೇಕು. ಏಕೆಂದರೆ ಬಿಚ್ಚಿದೊಡನೆ ಒಳಗೆ ಗಾಳಿ ನುಗ್ಗಿ ಉರಿ ಏಳಬಹುದು. ಒಳಗೆ ಟೊಳ್ಳಾಗಿ ಸುಟ್ಟಿರಬಹುದಾದ್ದರಿಂದ ಅದರ ಮೇಲೆ ಹತ್ತಬಾರದು.

ಮನೆಯಲ್ಲಿ ಹತ್ತಿ

ದರ ಏರುವುದನ್ನು ಕಾಯುತ್ತ ಬಿಡಿಸಿದ ಹತ್ತಿಯನ್ನು ವಾಸದ ಮನೆಯಲ್ಲಿಯೇ ಮಾಳಿಗೆಯವರೆಗೆ ತುಂಬುವ ಪದ್ಧತಿ ಸಾಮಾನ್ಯವಾಗಿದೆ. ಹತ್ತಿಯ ಬೆಂಕಿಗೆ ಎರಡು ಗುಣಗಳಿವೆ. ಮೇಲ್ಮೈಯಲ್ಲಿ ಅದು ಮಿಂಚಿನಂತೆ ಹರಿಯುತ್ತದೆ. ಒಳಗೆ ಇಳಿದ ಕಿಡಿ ಹೊಗೆಯನ್ನೂ ಹೆಚ್ಚು ತೋರದೆ ದಿನಗಟ್ಟಲೆ ಕಮರುತ್ತಿರುತ್ತದೆ. ಮೇಲೆ ಸುರಿದ ನೀರು ಒತ್ತಿದ ಹತ್ತಿಯ ಒಳಗೆ ಇಳಿಯುವುದಿಲ್ಲ.

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗಿನಲ್ಲಿ ಹತ್ತಿಯ ಅಂಡಿಗೆಗಳನ್ನೂ ಸ್ಫೋಟಕಗಳನ್ನೂ ಒಟ್ಟಿಗೆ ಹೇರಲಾಗಿತ್ತು. ಹತ್ತಿಗೆ ಬೆಂಕಿ ಹತ್ತಿತು. ನೂರಾರು ಟನ್ ನೀರು ಸುರಿದರೂ ಒಳಗಿನ ಬೆಂಕಿ ಆರಲಿಲ್ಲ. ಕೊನೆಗೆ ಸ್ಫೋಟಕಗಳು ಸಿಡಿದು ಬಂದರು ನಾಶವಾಯಿತು. ಬೆಂಕಿ ನಂದಿಸುತ್ತಿದ್ದ 66 ಅಗ್ನಿಶಾಮಕ ಸಿಬ್ಬಂದಿ ಜೀವ ತೆತ್ತರು. ಅವರ ನೆನಪಿಗಾಗಿಯೇ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸಪ್ತಾಹವನ್ನು ಆಚರಿಸಲಾಗುತ್ತಿದೆ.

ಹಡಗಿಗೆ ಹೇಳಿದ ಮಾತು ಪಡಸಾಲೆಗೂ ಸಲ್ಲುತ್ತದೆ. ಹತ್ತಿಯನ್ನು ಒಲೆ, ದೇವರ ಜಗುಲಿಯ ದೀಪ, ವಿದ್ಯುತ್ ಬೋರ್ಡು, ಡೀಸೆಲ್ ಇವುಗಳಿಂದ ಬೇರೆ ಕೋಣೆಯಲ್ಲಿಡಬೇಕು. ಉರಿಯುವ ಬಲ್ಬು ಹತ್ತಿಗೆ ತಾಗುವಂತಿರಬಾರದು. ರಾಶಿಗೂ ಬಾಗಿಲಿಗೂ ನಡುವೆ ದಾರಿ ಇರಬೇಕು. ಹತ್ತಿಯ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬಾರದು. ಮೊಬೈಲ್ ಚಾರ್ಜಿಗೆ ಇಟ್ಟು ಹತ್ತಿಯ ಮೇಲೆ ಮಲಗುವುದಂತೂ ಕೂಡದು. ಕಿಡಿ ಬಿದ್ದ ಸಂಶಯವಿದ್ದರೆ ಆ ಭಾಗದ ಹತ್ತಿಯನ್ನು ಹೊರಗೆ ಬಯಲಿಗೆ ಒಯ್ದು ಹರವಿ, ನೀರು ಚಿಮುಕಿಸಿ, ಒಂದೆರಡು ದಿನ ಬೇರೆಯಾಗಿಟ್ಟು ಕಾಯಬೇಕು.

ಅಡಿಗೆ ಮನೆ ಮತ್ತು ಕೊಟ್ಟಿಗೆ

ಕಟ್ಟಿಗೆಯ ಒಲೆಯನ್ನು ಬಳಸುವಲ್ಲಿ ಒಲೆಯ ಮುಂದೆ ಮೂರಡಿ ಜಾಗ ಬರಿದಾಗಿರಬೇಕು. ಮರುದಿನದ ಕಟ್ಟಿಗೆಯನ್ನು ಒಣಗಲೆಂದು ಒಲೆಯ ಮೇಲೆ ಇಡಬಾರದು. ಬೂದಿ ತಣ್ಣಗಿರುವಂತೆ ಕಂಡರೂ ಅದರೊಳಗಿನ ಕೆಂಡ ಒಂದು ದಿನದವರೆಗೂ ಜೀವ ಹಿಡಿದಿರಬಲ್ಲದು. ಬೂದಿಗೆ ನೀರು ಹಾಕಿ ಕಲಸಿದ ಮೇಲೆಯೇ ತಿಪ್ಪೆಗೆ ಒಯ್ಯಬೇಕು. ಸಂಜೆಯ ಗಾಳಿಗೆ ತಿಪ್ಪೆಯಿಂದ ಕೆಂಡ ಹಾರಿ ಬಣವೆಗೆ ಬಿದ್ದರೆ ಹಚ್ಚಿದವರಾರೆಂದು ಊರೆಲ್ಲ ಹುಡುಕಿದರೂ ಸಿಕ್ಕದು.

ಅಡಿಗೆ ಅನಿಲ ಇಂದು ಹಳ್ಳಿಗಳಿಗೂ ಬಂದಿದೆ. ಇದರ ಗುಣಗಳನ್ನು ಮನೆಯ ಹೆಂಗಸರು, ಗಂಡಸರು ಎಲ್ಲರೂ ತಿಳಿದಿರಬೇಕು. ಸಿಲಿಂಡರಿನಲ್ಲಿ ದ್ರವವಾಗಿರುವ ಇದು ಹೊರಬಂದಾಗ ಸುಮಾರು 250 ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮೇಲೆ ಹೋಗದೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರನ್ನು ಗುಂಡಿಯಲ್ಲಾಗಲಿ ಮುಚ್ಚಿದ ಕಪಾಟಿನಲ್ಲಾಗಲಿ ಇಡದೆ ನೆಟ್ಟಗೆ ನಿಲ್ಲಿಸಬೇಕು. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ರಬ್ಬರ್ ನಳಿಕೆಯನ್ನು ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಅದಕ್ಕೂ ಮೊದಲೇ ಬದಲಾಯಿಸಬೇಕು. ಸೋರಿಕೆಯನ್ನು ಸಾಬೂನಿನ ನೊರೆ ಹಚ್ಚಿ ಗುಳ್ಳೆ ನೋಡಿ ಪರೀಕ್ಷಿಸಬೇಕೇ ವಿನಾ ಕಡ್ಡಿ ಗೀರಿ ಅಲ್ಲ. ರಾತ್ರಿ ರೆಗ್ಯುಲೇಟರನ್ನು ಬಂದ್ ಮಾಡಿ ಮಲಗುವುದು ರೂಢಿಯಾಗಬೇಕು.

ಅನಿಲದ ವಾಸನೆ ಬಂದರೆ ವಿದ್ಯುತ್ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು; ಎರಡರಲ್ಲೂ ಕಿಡಿ ಹುಟ್ಟುತ್ತದೆ. ಹತ್ತಿರದ ದೀಪ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು, ಅಲ್ಲಿಂದ 1906 ಸಂಖ್ಯೆಗೆ ಕರೆ ಮಾಡಬೇಕು.

ಕೊಟ್ಟಿಗೆಯಲ್ಲಿ ಸೊಳ್ಳೆ, ನೊಣ ಓಡಿಸಲು ರಾತ್ರಿಯಿಡೀ ಹೊಗೆ ಹಾಕುವುದರಿಂದ ಅನಾಹುತಗಳಾಗುತ್ತವೆ. ಹೊಗೆ ಹಾಕಲೇಬೇಕಾದರೆ ಹಳೆಯ ಕಬ್ಬಿಣದ ಬುಟ್ಟಿಯಲ್ಲಿ, ಮೇವಿನಿಂದ ದೂರ, ಜನ ಎಚ್ಚರವಿರುವವರೆಗೆ ಮಾತ್ರ ಹಾಕಿ ಮಲಗುವ ಮುನ್ನ ನೀರು ಹಾಕಿ ಆರಿಸಬೇಕು. ದನಗಳನ್ನು ಬಿಗಿಯಾದ ಸರಪಳಿಯಿಂದ ಕಟ್ಟದೆ, ಒಮ್ಮೆ ಎಳೆದರೆ ಬಿಚ್ಚುವ ಜಾರುಗಂಟಿನ ಹಗ್ಗದಿಂದ ಕಟ್ಟುವುದು ಉತ್ತಮ. ಬಾಗಿಲ ಬಳಿ ಹಗ್ಗ ಕೊಯ್ಯಲು ಒಂದು ಕುಡಗೋಲು ಯಾವಾಗಲೂ ಇರಲಿ.

ವಿದ್ಯುತ್ತು, ಡೀಸೆಲ್, ಔಷಧಿ

ತಂತಿಯಲ್ಲಿ ಅದರ ಶಕ್ತಿಗೆ ಮೀರಿದ ವಿದ್ಯುತ್ ಹರಿದರೆ ಅದು ಕಾದು ಮೇಲಿನ ಹೊದಿಕೆ ಕರಗುತ್ತದೆ. ಸಡಿಲವಾದ ಜೋಡಣೆಯಲ್ಲಿ ಕಿಡಿ ಹಾರುತ್ತದೆ. ಇವುಗಳನ್ನು ತಡೆಯಲೆಂದೇ ಫ್ಯೂಸ್ ಇರುವುದು. ಪದೇ ಪದೇ ಫ್ಯೂಸ್ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತುವುದು ಕಳ್ಳನನ್ನು ಕಂಡು ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಮನೆಗೆ ಎಂ.ಸಿ.ಬಿ. ಮತ್ತು 30 ಮಿಲಿ ಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು ಹಾಕಿಸುವ ಖರ್ಚು ಒಂದು ಚೀಲ ತೊಗರಿಯ ಬೆಲೆಗಿಂತ ಕಡಿಮೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯ ಸುತ್ತ ಹುಲ್ಲು ಬೆಳೆಯಗೊಡಬಾರದು. ತಂತಿ ಜೋತು ಬಿದ್ದಿದ್ದರೆ ಜೆಸ್ಕಾಂನ 1912 ಸಂಖ್ಯೆಗೆ ತಿಳಿಸಬೇಕು. ಕೋಲಿನಿಂದ ಎತ್ತಿ ಕಟ್ಟುವ ಸಾಹಸ ಬೇಡ.

ಡೀಸೆಲ್, ಪೆಟ್ರೋಲುಗಳನ್ನು ಮುಚ್ಚಳ ಬಿಗಿಯಾದ ಲೋಹದ ಡಬ್ಬಿಗಳಲ್ಲಿ ಮನೆಯಿಂದ ಹೊರಗೆ ನೆರಳಿನಲ್ಲಿಡಬೇಕು. ಓಡುತ್ತಿರುವ ಅಥವಾ ಕಾದ ಎಂಜಿನಿಗೆ ಎಣ್ಣೆ ತುಂಬಬಾರದು. ರಾಶಿ ಯಂತ್ರದ ಹೊಗೆ ನಳಿಕೆಗೆ ಕಿಡಿ ತಡೆಯುವ ಜಾಲರಿ ಇರಬೇಕು. ಎಂಜಿನಿನ ಮೇಲೆ ಕೂಡುವ ಹೊಟ್ಟನ್ನು ಆಗಾಗ ಒರೆಸಬೇಕು. ಪೀಡೆನಾಶಕಗಳು ಸುಟ್ಟಾಗ ಏಳುವ ಹೊಗೆ ವಿಷಕಾರಿ. ಔಷಧಿಯ ಕೋಣೆಗೆ ಬೆಂಕಿ ಬಿದ್ದರೆ ಗಾಳಿಗೆ ಎದುರಾಗಿ ನಿಲ್ಲದೆ ದೂರ ಸರಿಯಬೇಕು. ಅಗ್ನಿಶಾಮಕ ದಳದವರಿಗೆ ಒಳಗೆ ಔಷಧಿ ಇದೆಯೆಂದು ಮೊದಲೇ ಹೇಳಬೇಕು.

ಯಾವ ಬೆಂಕಿಗೆ ಯಾವ ಮದ್ದು

ಎಲ್ಲ ಬೆಂಕಿಗೂ ನೀರೇ ಮದ್ದು ಎಂದು ತಿಳಿಯುವುದು ತಪ್ಪು.

ಕಟ್ಟಿಗೆ, ಮೇವು, ಹತ್ತಿ, ಬಟ್ಟೆ, ಕಾಗದ: ಇವಕ್ಕೆ ನೀರು ಅತ್ಯುತ್ತಮ. ಒಂದೇ ಕಡೆ ಸುರಿಯುವುದಕ್ಕಿಂತ ತುಂತುರಾಗಿ ಹಾಯಿಸಿದರೆ ಅದೇ ನೀರು ಹೆಚ್ಚು ಶಾಖ ಹೀರುತ್ತದೆ.

ಡೀಸೆಲ್, ಪೆಟ್ರೋಲು, ಕಾದ ಅಡಿಗೆ ಎಣ್ಣೆ: ನೀರು ಹಾಕಬಾರದು. ನೀರು ಎಣ್ಣೆಯ ಕೆಳಗಿಳಿದು ಒಮ್ಮೆಲೇ ಸುಮಾರು 1,700 ಪಟ್ಟು ಹಿಗ್ಗಿ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಬಾಣಲೆಯ ಮೇಲೆ ಮುಚ್ಚಳ ಜಾರಿಸಿ ಒಲೆ ಆರಿಸಬೇಕು. ನೆಲದ ಮೇಲಿನ ಡೀಸೆಲ್ ಬೆಂಕಿಗೆ ಒಣ ಮರಳು ಅಥವಾ ಮಣ್ಣು ಹಾಕಬೇಕು.

ಅನಿಲ: ಸೋರಿಕೆಯನ್ನು ನಿಲ್ಲಿಸುವುದೇ ಮದ್ದು. ಸೋರಿಕೆ ನಿಲ್ಲದೆ ಉರಿ ಮಾತ್ರ ಆರಿದರೆ ಅನಿಲ ಕೂಡಿ ಮತ್ತೆ ಸಿಡಿಯಬಹುದು.

ವಿದ್ಯುತ್ ಉಪಕರಣ: ಮೊದಲು ಮೇನ್ ಸ್ವಿಚ್ ಆರಿಸಬೇಕು. ಅಲ್ಲಿಯವರೆಗೆ ನೀರು ಮುಟ್ಟಿಸಬಾರದು.

ಮನೆ, ಟ್ರ್ಯಾಕ್ಟರ್, ಗೋದಾಮುಗಳಿಗೆ ಐ.ಎಸ್.ಐ. ಗುರುತಿನ ಎ.ಬಿ.ಸಿ. ಒಣ ಪುಡಿಯ ನಂದಕ ಅನುಕೂಲವಾದದ್ದು. ಮೇಲಿನ ನಾಲ್ಕೂ ಬಗೆಯ ಸಣ್ಣ ಬೆಂಕಿಗಳಿಗೆ ಅದು ಆಗುತ್ತದೆ. ಪಿನ್ನು ಕಿತ್ತು, ಉರಿಯ ಬುಡಕ್ಕೆ ಗುರಿ ಹಿಡಿದು, ಹಿಡಿಕೆ ಒತ್ತಿ, ಎಡಕ್ಕೂ ಬಲಕ್ಕೂ ಆಡಿಸಬೇಕು. ಸಣ್ಣ ನಂದಕ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಬರಿದಾಗುವುದರಿಂದ ಗುರಿ ತಪ್ಪಬಾರದು.

ದುಡ್ಡು ಕೊಟ್ಟು ಕೊಳ್ಳದೆಯೂ ರೈತನಲ್ಲಿ ಸಾಧನಗಳಿವೆ. ಬೆನ್ನಿಗೆ ಹೊರುವ 16 ಲೀಟರಿನ ಸಿಂಪರಣಾ ಯಂತ್ರ ನೆಲದ ಹುಲ್ಲಿನ ಬೆಂಕಿಗೂ ಹಾರಿ ಬಿದ್ದ ಕೆಂಡಕ್ಕೂ ಬಹಳ ಉಪಯುಕ್ತ. ಬೇಸಿಗೆಯಲ್ಲಿ ಅದನ್ನು ಔಷಧಿಯ ಅಂಶವಿಲ್ಲದಂತೆ ತೊಳೆದು ಬರೀ ನೀರು ತುಂಬಿ ಇಡಬೇಕು. ಟ್ರ್ಯಾಕ್ಟರಿನ ಪವರ್ ಸ್ಪ್ರೇಯರ್ ಮತ್ತು ನೀರಿನ ಟ್ಯಾಂಕರ್ ಇದ್ದ ಊರಿಗೆ ಅರ್ಧ ಅಗ್ನಿಶಾಮಕ ದಳ ಇದ್ದಂತೆಯೇ. ಕೊಟ್ಟಿಗೆಯ ಬಳಿ 200 ಲೀಟರಿನ ಒಂದು ಪೀಪಾಯಿ ನೀರು, ಎರಡು ಬಕೆಟ್, ನಾಲ್ಕು ಗೋಣಿ ಚೀಲ, ಒಂದು ಗುಡ್ಡೆ ಮರಳು, ಒಂದು ಸಲಿಕೆ ಮತ್ತು ಕೊಕ್ಕೆಯುಳ್ಳ ಉದ್ದನೆಯ ಗಳ ಇರಬೇಕು.

ಬೆಂಕಿ ಬಿದ್ದಾಗ

ಅಗ್ನಿಶಾಮಕ ವಾಹನ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದರೂ 20 ಕಿಲೋಮೀಟರ್ ದೂರದ ಊರಿಗೆ ಅರ್ಧ ಗಂಟೆ ಬೇಕು. ಆದ್ದರಿಂದ ಕರೆ ತಡವಾಗಬಾರದು; ಕರೆ ಮಾಡಿ ಕೈಕಟ್ಟಿ ಕೂಡಲೂಬಾರದು.

1. ಮೊದಲು ಕೂಗಿ ಎಲ್ಲರನ್ನೂ ಹೊರಗೆ ಕರೆಯಬೇಕು. ಮಕ್ಕಳು, ವೃದ್ಧರು, ಕಾಯಿಲೆಯವರನ್ನು ಎಣಿಸಿ ನೋಡಬೇಕು.
2. ಇನ್ನೊಬ್ಬರು 101 ಅಥವಾ 112 ಸಂಖ್ಯೆಗೆ ಕರೆ ಮಾಡಿ ಊರು, ತಾಲ್ಲೂಕು, ಗುರುತಿನ ಜಾಗ, ಏನು ಉರಿಯುತ್ತಿದೆ ಎಂಬುದನ್ನು ತಿಳಿಸಬೇಕು. ಒಬ್ಬರು ಮುಖ್ಯ ರಸ್ತೆಗೆ ಹೋಗಿ ವಾಹನಕ್ಕೆ ದಾರಿ ತೋರಿಸಬೇಕು.
3. ಮೇನ್ ಸ್ವಿಚ್ ಮತ್ತು ಅನಿಲ ಬಂದ್ ಮಾಡಬೇಕು.
4. ಬೆಂಕಿ ಸಣ್ಣದಿದ್ದು, ಹಿಂದೆ ಓಡಲು ದಾರಿ ಇದ್ದರೆ ಮಾತ್ರ ನಂದಿಸಲು ತೊಡಗಬೇಕು.
5. ಹೊತ್ತಿದ ಬಣವೆ ಉಳಿಯದೆಂದು ಕಂಡರೆ ಅದಕ್ಕೆ ನೀರು ವ್ಯರ್ಥ ಮಾಡದೆ ಪಕ್ಕದ ಬಣವೆ, ಮಾಳಿಗೆಗಳನ್ನು ತೋಯಿಸಬೇಕು. ಗಾಳಿ ಬೀಸುವ ಕಡೆ ಜನರನ್ನು ನಿಲ್ಲಿಸಿ ಹಾರುವ ಕೆಂಡಗಳನ್ನು ಹಸಿ ಗೋಣಿಯಿಂದ ಬಡಿದು ಆರಿಸಬೇಕು.
6. ದನಗಳು ಬೆಂಕಿಗೆ ಬೆದರಿ ನಿಂತಲ್ಲಿಂದ ಕದಲದಿರಬಹುದು. ಬಿಟ್ಟರೂ ಮತ್ತೆ ಕೊಟ್ಟಿಗೆಗೇ ನುಗ್ಗಬಹುದು. ಕಣ್ಣಿಗೆ ಹಸಿ ಬಟ್ಟೆ ಕಟ್ಟಿ ಹೊರಗೆ ಒಯ್ದು ದೂರ ಕಟ್ಟಬೇಕು.

ಬೆಂಕಿಯಲ್ಲಿ ಸಾಯುವವರು ಬಹಳಷ್ಟು ಸಲ ಉರಿಗಿಂತ ಹೊಗೆಯಿಂದ ಸಾಯುತ್ತಾರೆ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಎರಡು ಮೂರು ಉಸಿರಿಗೇ ತಲೆ ಸುತ್ತಿ ಬೀಳುವಂತಾಗಬಹುದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 9 ಜನ ಸತ್ತಾಗ ಹೊಗೆಗೆ ಹೆದರಿ ಮೇಲಿನಿಂದ ಹಾರಿದವರೂ ಅವರಲ್ಲಿದ್ದರು. ಹೊಗೆ ಮೇಲೇರುವುದರಿಂದ ನೆಲದ ಬಳಿ ಒಂದೆರಡು ಅಡಿ ಗಾಳಿ ಚೊಕ್ಕಟವಾಗಿರುತ್ತದೆ. ತೆವಳಿಕೊಂಡು ಹೊರಬರಬೇಕು. ಒಮ್ಮೆ ಹೊರಗೆ ಬಂದ ಮೇಲೆ ಹಣಕ್ಕಾಗಲಿ, ಬಂಗಾರಕ್ಕಾಗಲಿ, ಕಾಗದಕ್ಕಾಗಲಿ ಮತ್ತೆ ಒಳಗೆ ಹೋಗಬಾರದು. ಮೈಮೇಲಿನ ಬಟ್ಟೆ ಹೊತ್ತಿದರೆ ಓಡಬಾರದು. ನೆಲಕ್ಕೆ ಬಿದ್ದು ಉರುಳಬೇಕು. ಹತ್ತಿರದವರು ಕಂಬಳಿ ಹೊದಿಸಬೇಕು.

ಸುಟ್ಟ ಗಾಯದ ಮೇಲೆ 20 ನಿಮಿಷ ತಣ್ಣನೆಯ ಶುದ್ಧ ನೀರನ್ನು ಹಾಯಿಸುವುದೇ ಮೊದಲ ಚಿಕಿತ್ಸೆ. ಬಳೆ, ಉಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಬೇಕು. ಮಸಿ, ಹಿಟ್ಟು, ತುಪ್ಪ, ಹಲ್ಲುಜ್ಜುವ ಪೇಸ್ಟು ಹಚ್ಚಬಾರದು, ಗುಳ್ಳೆ ಒಡೆಯಬಾರದು, ಅಂಟಿದ ಬಟ್ಟೆ ಕೀಳಬಾರದು. ಶುಭ್ರವಾದ ಬಟ್ಟೆ ಹೊದಿಸಿ 108 ವಾಹನದಲ್ಲಿ ಆಸ್ಪತ್ರೆಗೆ ಒಯ್ಯಬೇಕು.

ಆರಿದ ನಂತರ

ಬಣವೆ ಮತ್ತು ಹತ್ತಿಯ ಬೂದಿಯನ್ನು ಮಗುಚಿ ನೀರು ಹಾಕಿ ರಾತ್ರಿಯಿಡೀ ಒಬ್ಬರು ಕಾಯಬೇಕು. ನಷ್ಟದ ಫೋಟೋ ತೆಗೆದು, ಪೊಲೀಸ್ ಠಾಣೆ, ಗ್ರಾಮ ಆಡಳಿತಾಧಿಕಾರಿ ಮತ್ತು ರೈತ ಸಂಪರ್ಕ ಕೇಂದ್ರಕ್ಕೆ ತಡಮಾಡದೆ ಬರವಣಿಗೆಯಲ್ಲಿ ತಿಳಿಸಬೇಕು. ದನ ಸತ್ತಿದ್ದರೆ ಪಶುವೈದ್ಯರಿಂದ ಪಂಚನಾಮೆ ಆಗುವವರೆಗೆ ಹೂಳಬಾರದು. ಅಗ್ನಿ ಅನಾಹುತ ಪ್ರಕೃತಿ ವಿಕೋಪ ಪರಿಹಾರದ ಪಟ್ಟಿಯಲ್ಲಿದೆ. ಆಕಸ್ಮಿಕ ಬೆಂಕಿಗೆ ಬಣವೆ ಕಳೆದುಕೊಂಡವರಿಗೆ ಕೃಷಿ ಇಲಾಖೆಯಿಂದ ಪರಿಹಾರ ಕೊಡುವ ವ್ಯವಸ್ಥೆಯೂ ರಾಜ್ಯದಲ್ಲಿದೆ. ಆಯಾ ವರ್ಷದ ಮೊತ್ತ ಮತ್ತು ಷರತ್ತುಗಳನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ತಿಳಿಯಬೇಕು. ಪಹಣಿ, ಪಾಸ್ ಪುಸ್ತಕ, ವಿಮೆಯ ಕಾಗದಗಳ ಒಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಯಲ್ಲಿ ಇಟ್ಟಿರುವುದು ಜಾಣತನ.

ವಿಸ್ತರಣಾ ಕಾರ್ಯಕರ್ತರಿಗೆ

ಫೆಬ್ರವರಿ ತಿಂಗಳಲ್ಲಿಯೇ ಪ್ರತಿ ಊರಿನಲ್ಲಿ ಒಂದು ಸಭೆ ಕರೆದು, ಎಲ್ಲಿ ನೀರಿದೆ, ಯಾರ ಬಳಿ ಟ್ಯಾಂಕರ್ ಮತ್ತು ಪವರ್ ಸ್ಪ್ರೇಯರ್ ಇವೆ, ಅಗ್ನಿಶಾಮಕ ವಾಹನ ಯಾವ ಓಣಿಯಲ್ಲಿ ನುಗ್ಗಬಲ್ಲದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಪಂಚಾಯತಿಯ ಗೋಡೆಗೆ ಅಂಟಿಸಬೇಕು. ತಂತಿಯ ಕೆಳಗಿನ ಬಣವೆಗಳನ್ನು ಎಣಿಸಿ ಅವುಗಳ ಮಾಲೀಕರೊಂದಿಗೆ ಮಾತನಾಡಬೇಕು. ಅಗ್ನಿಶಾಮಕ ಸಪ್ತಾಹದಲ್ಲಿ ಠಾಣೆಯವರನ್ನು ಊರಿಗೆ ಕರೆಸಿ ನಂದಕ ಬಳಸುವ ಪ್ರಾತ್ಯಕ್ಷಿಕೆ ಏರ್ಪಡಿಸಬಹುದು. ಇದರಲ್ಲಿ ಹೆಣ್ಣುಮಕ್ಕಳೂ ಶಾಲೆಯ ಮಕ್ಕಳೂ ಪಾಲ್ಗೊಳ್ಳಬೇಕು. ಏಕೆಂದರೆ ಗಂಡಸರು ಹೊಲದಲ್ಲಿರುವ ಹೊತ್ತಿನಲ್ಲಿ ಮನೆಯಲ್ಲಿ ಬೆಂಕಿ ಕಂಡರೆ ಮೊದಲು ಎದುರಿಸಬೇಕಾದವರು ಅವರೇ.

ಬಣವೆಯನ್ನು ಅರವತ್ತೈದು ಅಡಿ ದೂರ ಸರಿಸುವುದು, ಬೂದಿಗೆ ಒಂದು ತಂಬಿಗೆ ನೀರು ಹಾಕುವುದು, ರಾತ್ರಿ ರೆಗ್ಯುಲೇಟರ್ ಬಂದ್ ಮಾಡುವುದು, ಒಂದು ಪೀಪಾಯಿ ನೀರು ತುಂಬಿಡುವುದು ಇವು ಯಾವುವೂ ದೊಡ್ಡ ಖರ್ಚಿನ ಕೆಲಸಗಳಲ್ಲ. ರೈತ ಬಾಂಧವರು ಈ ಬೇಸಿಗೆ ಏರುವ ಮೊದಲೇ ಇಷ್ಟನ್ನು ಮಾಡಿಕೊಂಡರೆ ವರ್ಷದ ದುಡಿಮೆಯನ್ನೂ ಮನೆಮಂದಿಯ ಜೀವವನ್ನೂ ಕಾಪಾಡಿಕೊಳ್ಳಬಹುದು.